ಹತ್ತು ಫ್ಯಾರಡ್‌ನ ಲೆಕ್ಕ

ಅಂಗೈಯಗಲದ ಕ್ಯಾಲ್ಕುಲೇಟರ್ ಬೇಡುವ ವಿದ್ಯುತ್ತು ಮನೆಯಲ್ಲಿರುವ ಬೇರೆ ಬಹುತೇಕ ವಿದ್ಯುತ್ ಉಪಕರಣಗಳ ಪಕ್ಕದಲ್ಲಿಟ್ಟು ನೋಡಿದರೆ ಲೆಕ್ಕಕ್ಕೆ ಬಾರದಷ್ಟು ಅಲ್ಪವಾದುದು. ಅದರ ಬೆನ್ನಿನಲ್ಲಿ ಕುಳಿತಿರುವ ಸೆಲ್ಲನ್ನು ತೆಗೆದುಹಾಕಿ, ನಿಮಿಷದೊಳಗೆ ತುಂಬಿಕೊಳ್ಳುವ, ಲಕ್ಷಾಂತರ ಬಾರಿ ತುಂಬಿ ಬರಿದುಮಾಡಿದರೂ ದಣಿಯದ ಸೂಪರ್ ಕೆಪ್ಯಾಸಿಟರ್ ಎಂಬ ಬಿಡಿಭಾಗವನ್ನು ಅಲ್ಲಿ ಇಟ್ಟರೆ ಸಾಲದೇ ಎಂಬ ಪ್ರಶ್ನೆ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳಲ್ಲಿ ಆಗಾಗ ಏಳುವುದು ಈ ಕಾರಣದಿಂದಲೇ. ಪ್ರಶ್ನೆ ಸರಳವಾಗಿದ್ದರೂ ಉತ್ತರ ಅಷ್ಟು ಸರಳವಲ್ಲ. ಇಂತಹ ಬದಲಾವಣೆಯ ಬಗ್ಗೆ ಯೋಚಿಸುವವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಅದರಲ್ಲಿ ಎಷ್ಟು ವಿದ್ಯುತ್ತು ಹಿಡಿಸುತ್ತದೆ’ ಎಂದು. ಆದರೆ ಕ್ಯಾಲ್ಕುಲೇಟರಿನಂತಹ ಮಿತವ್ಯಯಿ ಯಂತ್ರದ ಮಟ್ಟಿಗೆ ಹಿಡಿಸುವ ಪ್ರಮಾಣಕ್ಕಿಂತ, ಹಿಡಿದದ್ದು ಎಷ್ಟು ದಿನ ಉಳಿಯುತ್ತದೆ ಮತ್ತು ಯಾವ ವೋಲ್ಟೇಜಿನಲ್ಲಿ ಉಳಿಯುತ್ತದೆ ಎಂಬುದೇ ನಿರ್ಣಾಯಕವಾಗುತ್ತದೆ.

ಕ್ಯಾಲ್ಕುಲೇಟರ್ ಹುಟ್ಟಿನಿಂದಲೇ ಇಷ್ಟು ಮಿತವ್ಯಯಿಯಾಗಿರಲಿಲ್ಲ. 1972ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆ ಹೊರತಂದ ಎಚ್‌ಪಿ-35, ಎಂಜಿನಿಯರುಗಳ ಕೈಯಿಂದ ಸ್ಲೈಡ್ ರೂಲ್ ಎಂಬ ಲೆಕ್ಕದ ಪಟ್ಟಿಯನ್ನು ಬಿಡಿಸಿದ ಯಂತ್ರವೆಂದು ಹೆಸರಾದದ್ದು, ಕೆಂಪು ಎಲ್‌ಇಡಿ ಅಂಕಿಗಳನ್ನು ಬೆಳಗಿಸಲು ಸುಮಾರು ಅರ್ಧ ವ್ಯಾಟ್ ವಿದ್ಯುತ್ತನ್ನು ಕುಡಿಯುತ್ತಿತ್ತು. ಅದರ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಕೆಲವೇ ಗಂಟೆಗಳಲ್ಲಿ ಬರಿದಾಗಿ ಮತ್ತೆ ಚಾರ್ಜಿಗೆ ಕೂರುತ್ತಿತ್ತು. ಮರುವರ್ಷವೇ, ಅಂದರೆ 1973ರಲ್ಲಿ, ಜಪಾನಿನ ಶಾರ್ಪ್ ಸಂಸ್ಥೆ ದ್ರವಸ್ಫಟಿಕದ ಪರದೆಯುಳ್ಳ ಇಎಲ್-805 ಎಂಬ ಮಾದರಿಯನ್ನು ಮಾರುಕಟ್ಟೆಗೆ ತಂದಾಗ ಒಂದೇ ಒಂದು ಎಎ ಸೆಲ್ಲಿನಿಂದ ನೂರು ಗಂಟೆ ಕೆಲಸ ನಡೆಯುವಂತಾಯಿತು. ಎಲ್‌ಸಿಡಿ ಎಂದು ಎಲ್ಲರೂ ಕರೆಯುವ ಈ ಪರದೆ ತಾನಾಗಿ ಬೆಳಕನ್ನು ಹೊಮ್ಮಿಸುವುದಿಲ್ಲ. ವಿದ್ಯುತ್ ಕ್ಷೇತ್ರ ತಾಗಿದಾಗ ಅದರೊಳಗಿನ ಅಣುಗಳು ದಿಕ್ಕು ಬದಲಿಸಿ, ಹೊರಗಿನಿಂದ ಬೀಳುವ ಬೆಳಕನ್ನೇ ಕೆಲವೆಡೆ ಬಿಟ್ಟು ಕೆಲವೆಡೆ ತಡೆದು ಅಂಕಿಗಳನ್ನು ಮೂಡಿಸುತ್ತವೆ, ಹೀಗಾಗಿ ಅದಕ್ಕೆ ಬೇಕಾದ ಪ್ರವಾಹ ಕೆಲವು ಮೈಕ್ರೊಆಂಪಿಯರ್‌ಗಳಷ್ಟು, ಅಂದರೆ ಆಂಪಿಯರ್‌ನ ಹತ್ತು ಲಕ್ಷದಲ್ಲಿ ಕೆಲವು ಪಾಲಿನಷ್ಟು, ಮಾತ್ರ. ಇದರ ಜೊತೆಗೆ ಸೀಮಾಸ್ ಎಂಬ ಅರೆವಾಹಕ ತಂತ್ರಜ್ಞಾನವೂ ಬಂದು ಸೇರಿತು. ಇದರಲ್ಲಿ ಪ್ರತಿಯೊಂದು ಸ್ವಿಚ್ಚೂ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳುವ ಕ್ಷಣದಲ್ಲಿ ಮಾತ್ರ ಗಣನೀಯ ಪ್ರವಾಹವನ್ನು ಎಳೆಯುವುದರಿಂದ, ಗುಂಡಿಯನ್ನು ಯಾರೂ ಒತ್ತದಿರುವಾಗ ಯಂತ್ರ ಹೆಚ್ಚುಕಡಿಮೆ ಉಪವಾಸವಿರುತ್ತದೆ. ಇಂದು ವಿದ್ಯಾರ್ಥಿಗಳು ಬಳಸುವ ಸಾಮಾನ್ಯ ಸೈಂಟಿಫಿಕ್ ಕ್ಯಾಲ್ಕುಲೇಟರಿನ ಬಳಕೆ 0.2 ಮಿಲಿವ್ಯಾಟ್‌ನ ಆಸುಪಾಸಿನಲ್ಲಿದ್ದು, ಎಚ್‌ಪಿ-35ರ ಬಳಕೆಯ ಎರಡೂವರೆ ಸಾವಿರದಲ್ಲಿ ಒಂದು ಪಾಲಿಗೆ ಇಳಿದಿದೆ.

ಈ ಅಂಕಿಯನ್ನು ಇಟ್ಟುಕೊಂಡು ಒಂದು ಎಎ ಆಲ್ಕಲೈನ್ ಸೆಲ್ಲಿನ ಆಯುಷ್ಯವನ್ನು ಲೆಕ್ಕ ಹಾಕಿದರೆ ವಿಚಿತ್ರವಾದ ಫಲಿತಾಂಶ ಹೊರಬೀಳುತ್ತದೆ. ಅಂತಹ ಸೆಲ್ಲಿನಲ್ಲಿ ಸುಮಾರು 10,000 ಜೂಲ್ ಶಕ್ತಿ ಅಡಗಿರುತ್ತದೆ. ಒಂದು ವ್ಯಾಟ್ ಎಂದರೆ ಸೆಕೆಂಡಿಗೆ ಒಂದು ಜೂಲ್ ಆದ್ದರಿಂದ 0.2 ಮಿಲಿವ್ಯಾಟ್ ದರದಲ್ಲಿ ಅದು ಸುಮಾರು 14,000 ಗಂಟೆ ಬಾಳಬೇಕು, ದಿನಕ್ಕೆ ಒಂದು ಗಂಟೆಯಂತೆ ಬಳಸಿದರೆ ಮೂವತ್ತೆಂಟು ವರ್ಷವಾಗುತ್ತದೆ. ಯಾವ ಆಲ್ಕಲೈನ್ ಸೆಲ್ಲೂ ಅಷ್ಟು ವರ್ಷ ಉಳಿಯುವುದಿಲ್ಲ. ಒಳಗಿನ ಸತುವು ಮೆಲ್ಲನೆ ಕ್ಷಯಿಸಿ ಜಲಜನಕ ಅನಿಲ ಉಂಟಾಗುತ್ತದೆ. ಅದರ ಒತ್ತಡಕ್ಕೆ ಮುಚ್ಚಳದ ಬಿಗಿ ಸಡಿಲಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಪ್ರಬಲ ಕ್ಷಾರ ಹೊರಗೆ ಒಸರುತ್ತದೆ. ಅದು ಲೋಹದ ಸ್ಪ್ರಿಂಗುಗಳನ್ನು ತಿಂದು, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡಿನೊಡನೆ ಕೂಡಿ, ಬಿಳಿಯ ಹುಡಿಯಾಗಿ ಕಟ್ಟಿಕೊಳ್ಳುತ್ತದೆ. ಹಳೆಯ ಕ್ಯಾಲ್ಕುಲೇಟರುಗಳು ಕೆಡುವುದು ಲೆಕ್ಕ ಮಾಡಿ ಸವೆದು ಅಲ್ಲ, ಬಹುಪಾಲು ಈ ಒಸರುವಿಕೆಯಿಂದ. ಇದನ್ನು ಬಲ್ಲ ತಯಾರಕರು ಸೆಲ್ ಪೂರ್ತಿ ಮುಗಿದಿರಲಿ ಬಿಡಲಿ, ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕೆಂದು ಕೈಪಿಡಿಯಲ್ಲಿ ಮುದ್ರಿಸಿರುತ್ತಾರೆ. ಬ್ಯಾಟರಿಗೆ ಪರ್ಯಾಯ ಹುಡುಕಲು ನಿಜವಾದ ಪ್ರೇರಣೆ ಇದೇ ಹೊರತು, ಎರಡು ಮೂರು ವರ್ಷಕ್ಕೊಂದು ಸೆಲ್ಲಿನ ಹಣವನ್ನು ಉಳಿಸುವುದಲ್ಲ.

ಸೂಪರ್ ಕೆಪ್ಯಾಸಿಟರ್ ಏನೆಂಬುದನ್ನು ತಿಳಿಯಲು ಕೆಪ್ಯಾಸಿಟರಿನಿಂದಲೇ ಆರಂಭಿಸಬೇಕಾಗುತ್ತದೆ. ಪಠ್ಯಪುಸ್ತಕಗಳು ಧಾರಕವೆಂದು ಕರೆಯುವ ಈ ಬಿಡಿಭಾಗದಲ್ಲಿ ಎರಡು ಲೋಹದ ಹಾಳೆಗಳು ಎದುರುಬದುರಾಗಿದ್ದು, ನಡುವೆ ವಿದ್ಯುತ್ತು ಹರಿಯಗೊಡದ ಅವಾಹಕವಿರುತ್ತದೆ. ಒಂದು ಹಾಳೆಯಲ್ಲಿ ಧನ ಆವೇಶ, ಇನ್ನೊಂದರಲ್ಲಿ ಋಣ ಆವೇಶ ಕೂಡಿಟ್ಟುಕೊಂಡು ಅವುಗಳ ನಡುವಿನ ಸೆಳೆತದಲ್ಲಿ ಶಕ್ತಿ ಉಳಿದಿರುತ್ತದೆ. 1745-46ರ ಸುಮಾರಿಗೆ ಜರ್ಮನಿಯ ಎವಾಲ್ಡ್ ಫಾನ್ ಕ್ಲೈಸ್ಟ್ ಮತ್ತು ಹಾಲೆಂಡಿನ ಲೈಡನ್ ನಗರದ ಪೀಟರ್ ಫಾನ್ ಮುಶೆನ್‌ಬ್ರೂಕ್ ಪ್ರತ್ಯೇಕವಾಗಿ ಕಂಡುಕೊಂಡ ಲೈಡನ್ ಜಾಡಿಯೇ ಇದರ ಮೂಲರೂಪ. ಹಾಳೆಗಳ ವಿಸ್ತೀರ್ಣ ಹೆಚ್ಚಿದಷ್ಟೂ, ಅವುಗಳ ನಡುವಿನ ಅಂತರ ಕಿರಿದಾದಷ್ಟೂ ಹಿಡಿಯುವ ಆವೇಶ ಹೆಚ್ಚುತ್ತದೆ. ಆವೇಶ ಹಿಡಿಯುವ ಈ ಸಾಮರ್ಥ್ಯವನ್ನು ಅಳೆಯುವ ಮಾನಕ್ಕೆ ಮೈಕೆಲ್ ಫ್ಯಾರಡೆಯ ಹೆಸರಿನಿಂದ ಬಂದ ಫ್ಯಾರಡ್ ಎಂಬ ಹೆಸರಿದೆ. ರೇಡಿಯೊ, ಫ್ಯಾನು ಮೊದಲಾದವುಗಳಲ್ಲಿ ಕಾಣುವ ಕೆಪ್ಯಾಸಿಟರುಗಳು ಮೈಕ್ರೊಫ್ಯಾರಡ್ ಲೆಕ್ಕದವು, ಅಂದರೆ ಫ್ಯಾರಡ್‌ನ ಹತ್ತು ಲಕ್ಷದಲ್ಲಿ ಒಂದರ ಲೆಕ್ಕದವು. ಒಂದು ಫ್ಯಾರಡ್ ಎಂಬುದು ಬಹುಕಾಲ ಕೇವಲ ಕಾಗದದ ಮೇಲಿನ ಪ್ರಮಾಣವಾಗಿತ್ತು.

ಅದನ್ನು ಕೈಗೆ ಸಿಗುವಂತೆ ಮಾಡಿದ್ದು ಇದ್ದಿಲು. ಲೋಹ ಅಥವಾ ಇಂಗಾಲದ ತುಂಡನ್ನು ಅಯಾನುಗಳಿರುವ ದ್ರವದಲ್ಲಿ, ಅಂದರೆ ವಿದ್ಯುದಾವೇಶ ಹೊತ್ತ ಕಣಗಳುಳ್ಳ ವಿದ್ಯುದ್ವಿಭಾಜ್ಯದಲ್ಲಿ, ಮುಳುಗಿಸಿ ವೋಲ್ಟೇಜ್ ಕೊಟ್ಟರೆ, ಘನದ ಮೇಲ್ಮೈಯಲ್ಲಿ ಒಂದು ಬಗೆಯ ಆವೇಶವೂ ಅದಕ್ಕೆ ಅಂಟಿಕೊಂಡಂತೆ ದ್ರವದಲ್ಲಿ ವಿರುದ್ಧ ಬಗೆಯ ಅಯಾನುಗಳೂ ಸಾಲುಗಟ್ಟಿ ನಿಲ್ಲುತ್ತವೆ ಎಂಬುದನ್ನು ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 1853ರಲ್ಲಿಯೇ ವಿವರಿಸಿದ್ದರು. ಈ ಜೋಡಿಪದರದ ಎರಡು ಸಾಲುಗಳ ನಡುವಿನ ಅಂತರ ಒಂದು ನ್ಯಾನೊಮೀಟರಿಗಿಂತಲೂ ಕಿರಿದು; ಯಾವ ಕಾರ್ಖಾನೆಯೂ ಅಷ್ಟು ತೆಳುವಾದ ಅವಾಹಕವನ್ನು ಹಾಳೆಗಳ ನಡುವೆ ಹಾಸಲಾರದು. ವಿಸ್ತೀರ್ಣದ ಪ್ರಶ್ನೆಯನ್ನು ಬಗೆಹರಿಸಿದ್ದು ಹಬೆ ಅಥವಾ ರಾಸಾಯನಿಕಗಳಿಂದ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳನ್ನು ಕೊರೆದ ಸಕ್ರಿಯ ಇಂಗಾಲ. ಅದರ ಒಂದು ಗ್ರಾಮಿನ ಒಳಮೈಯನ್ನು ಬಿಡಿಸಿ ಹಾಸಿದರೆ ಸಾವಿರದಿಂದ ಎರಡು ಸಾವಿರ ಚದರ ಮೀಟರ್, ಕರ್ನಾಟಕದ ಭೂಮಾಪನದಲ್ಲಿ ಹೇಳುವುದಾದರೆ ಹತ್ತರಿಂದ ಇಪ್ಪತ್ತು ಗುಂಟೆ, ಆಗುತ್ತದೆ. ಈ ಇಂಗಾಲಕ್ಕೆ ಇಂದು ಅತಿ ಮೆಚ್ಚಿನ ಕಚ್ಚಾವಸ್ತುಗಳಲ್ಲಿ ತೆಂಗಿನ ಕರಟವೂ ಒಂದು. ಕೊಬ್ಬರಿ ತೆಗೆದ ಮೇಲೆ ಒಲೆಗೆ ಹೋಗುತ್ತಿದ್ದ ವಸ್ತುವಿಗೆ ಇಂತಹ ಗಣ್ಯ ಸ್ಥಾನ ದೊರೆತಿರುವುದು ತಿಪಟೂರು ಸೀಮೆಯ ಬೆಳೆಗಾರರಿಗೆ ಸಂತೋಷ ತರಬೇಕಾದ ಸಂಗತಿ.

ರಂಧ್ರಮಯ ಇಂಗಾಲವನ್ನು ಹೀಗೆ ಬಳಸುವ ಮೊದಲ ಪೇಟೆಂಟ್ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಹೋವರ್ಡ್ ಬೆಕರ್ ಅವರ ಹೆಸರಿನಲ್ಲಿ 1957ರಲ್ಲಿ ದಾಖಲಾಯಿತು. ಆ ರಂಧ್ರಗಳಲ್ಲಿ ನಿಖರವಾಗಿ ಏನು ನಡೆಯುತ್ತದೆ ಎಂಬುದು ಆಗ ಅವರಿಗೂ ಸ್ಪಷ್ಟವಿರಲಿಲ್ಲ. 1966ರಲ್ಲಿ ಓಹಾಯೊದ ಸ್ಟ್ಯಾಂಡರ್ಡ್ ಆಯಿಲ್ ಸಂಸ್ಥೆಯ ರಾಬರ್ಟ್ ರೈಟ್‌ಮೈರ್ ಅದನ್ನು ಇಂದಿನ ರೂಪಕ್ಕೆ ಹತ್ತಿರ ತಂದರು. ತೈಲ ಮಾರುವ ಸಂಸ್ಥೆಗೆ ಅದರ ಮಾರುಕಟ್ಟೆ ಕಾಣಲಿಲ್ಲವಾದ್ದರಿಂದ ಪರವಾನಗಿ ಜಪಾನಿನ ಎನ್‌ಇಸಿ ಸಂಸ್ಥೆಯ ಕೈಸೇರಿ, 1978ರಲ್ಲಿ ಸೂಪರ್ ಕೆಪ್ಯಾಸಿಟರ್ ಎಂಬ ಹೆಸರಿನಲ್ಲೇ ಮಾರಾಟಕ್ಕೆ ಬಂದಿತು. ಅದರ ಮೊದಲ ಉದ್ಯೋಗ ಬಸ್ಸು ಓಡಿಸುವುದಾಗಲಿ ಕ್ರೇನು ಎತ್ತುವುದಾಗಲಿ ಆಗಿರಲಿಲ್ಲ. ವಿದ್ಯುತ್ತು ಹೋದಾಗ ಕಂಪ್ಯೂಟರಿನ ಸ್ಮೃತಿ ಅಳಿಯದಂತೆ ಕಾಯುವುದಾಗಿತ್ತು. ಮೈಕ್ರೊಆಂಪಿಯರ್ ಲೆಕ್ಕದ ಮಿತಾಹಾರಿ ವಿದ್ಯುನ್ಮಂಡಲಗಳ ಜೊತೆಗಿನ ಅದರ ನಂಟು ಹೀಗೆ ಹುಟ್ಟಿನಿಂದ ಬಂದದ್ದು.

ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುವ 10 ಫ್ಯಾರಡ್, 2.7 ವೋಲ್ಟ್‌ನ ಒಂದು ಸೂಪರ್ ಕೆಪ್ಯಾಸಿಟರನ್ನು ತೆಗೆದುಕೊಳ್ಳಬಹುದು. ಸುಮಾರು 10 ಮಿಲಿಮೀಟರ್ ದಪ್ಪ, 30 ಮಿಲಿಮೀಟರ್ ಉದ್ದದ ಅದು ಎಎ ಸೆಲ್ಲಿನ ಗೂಡಿನೊಳಗೆ ಆರಾಮವಾಗಿ ಕೂರುತ್ತದೆ. ಕೆಪ್ಯಾಸಿಟರಿನಲ್ಲಿರುವ ಶಕ್ತಿಯು ಫ್ಯಾರಡ್ ಪ್ರಮಾಣವನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿ ಅರ್ಧ ಮಾಡಿದಷ್ಟು. ಆ ಪ್ರಕಾರ ಇದು ತುಂಬಿದಾಗ ಹಿಡಿಯುವುದು 36 ಜೂಲ್, ಎಎ ಸೆಲ್ಲಿನ ಸುಮಾರು ಮುನ್ನೂರರಲ್ಲಿ ಒಂದು ಪಾಲು. ಎಚ್‌ಪಿ-35ಕ್ಕೆ ಇದು ಒಂದು ನಿಮಿಷಕ್ಕೆ ತುಸು ಮಿಕ್ಕಿ ಸಾಲುತ್ತಿತ್ತು. ಇಂದಿನ ಯಂತ್ರಕ್ಕಾದರೆ ಐವತ್ತು ಗಂಟೆ. ಐವತ್ತು ಗಂಟೆ ಎಂಬ ಅಂಕಿ ಆಕರ್ಷಕವಾಗಿ ಕಂಡರೂ ಅದು ಕಾಗದದ ಮೇಲಿನದು, ಏಕೆಂದರೆ ಆ 36 ಜೂಲ್‌ಗಳ ದೊಡ್ಡ ಭಾಗವನ್ನು ಕ್ಯಾಲ್ಕುಲೇಟರ್ ಮುಟ್ಟಲಾರದು.

ಕಾರಣ ವೋಲ್ಟೇಜಿನ ನಡವಳಿಕೆಯಲ್ಲಿದೆ. ಸೆಲ್ಲಿನಲ್ಲಿ ವೋಲ್ಟೇಜನ್ನು ನಿರ್ಧರಿಸುವುದು ಎರಡು ವಸ್ತುಗಳ ನಡುವಿನ ರಾಸಾಯನಿಕ ಕ್ರಿಯೆ. ಕ್ರಿಯೆಗೆ ವಸ್ತು ಉಳಿದಿರುವವರೆಗೆ ವೋಲ್ಟೇಜು ಹೆಚ್ಚು ಕುಸಿಯದೆ ನಿಂತಿರುತ್ತದೆ. ಕೆಪ್ಯಾಸಿಟರಿನಲ್ಲಿ ಅಂತಹ ಆಸರೆಯಿಲ್ಲ, ಅಲ್ಲಿ ವೋಲ್ಟೇಜೆಂಬುದು ತೊಟ್ಟಿಯಲ್ಲಿನ ನೀರಿನ ಮಟ್ಟದಂತೆ. ಎಷ್ಟು ಆವೇಶ ತೆಗೆದರೆ ಅಷ್ಟೇ ಪ್ರಮಾಣದಲ್ಲಿ ನೇರವಾಗಿ ಇಳಿಯುತ್ತದೆ. ಒಂದೂವರೆ ವೋಲ್ಟಿಗೆಂದು ರಚಿಸಿದ ಕ್ಯಾಲ್ಕುಲೇಟರಿಗೆ 2.7 ವೋಲ್ಟ್ ನೇರವಾಗಿ ಕೊಟ್ಟರೆ ಪರದೆಯಲ್ಲಿ ಕಾಣಬಾರದ ಗೆರೆಗಳೆಲ್ಲ ಕಪ್ಪಾಗಿ ಮೂಡುವುದು ಮಾತ್ರವಲ್ಲದೆ ಚಿಪ್ಪಿಗೂ ಅಪಾಯ, ಆದ್ದರಿಂದ 1.6 ವೋಲ್ಟಿಗಿಂತ ಮೇಲೆ ತುಂಬುವಂತಿಲ್ಲ. ಕೆಳಗಡೆ 1.1 ವೋಲ್ಟಿನ ಸುಮಾರಿಗೆ ಅಂಕಿಗಳು ಮಸುಕಾಗತೊಡಗುತ್ತವೆ. ಈ ಎರಡರ ನಡುವಿನ ಅರ್ಧ ವೋಲ್ಟ್ ಮಾತ್ರವೇ ಬಳಕೆಗೆ ದಕ್ಕುವುದರಿಂದ 36 ಜೂಲ್‌ಗಳಲ್ಲಿ ಕೈಗೆ ಬರುವುದು ಏಳಕ್ಕೂ ಕಡಿಮೆ, ಐವತ್ತು ಗಂಟೆ ಒಂಬತ್ತು ಹತ್ತು ಗಂಟೆಗೆ ಇಳಿಯುತ್ತದೆ. ಮಸುಕಾದ ಅಂಕಿಗಳನ್ನು ಕಣ್ಣು ಕಿರಿದುಮಾಡಿ ಓದಿದರಾಯಿತೆಂಬ ಧೈರ್ಯವೂ ಸಲ್ಲದು. ವೋಲ್ಟೇಜ್ ತೀರ ಕುಸಿದಾಗ ಪರದೆಯಷ್ಟೇ ಅಲ್ಲ, ಲೆಕ್ಕ ಮಾಡುವ ಮಂಡಲವೂ ತಪ್ಪಬಹುದು. ಕೆಪ್ಯಾಸಿಟರಿನಿಂದ ನಡೆಯುವ ಯಂತ್ರವು ಈ ಸಂದಿಗ್ಧ ವಲಯದೊಳಗೆ ಗಂಟೆಗಟ್ಟಲೆ ತೂಗಾಡಬಲ್ಲದು.

ಇದಕ್ಕೊಂದು ಪರಿಹಾರವಿದೆ. ಬೂಸ್ಟ್ ಕನ್ವರ್ಟರ್ ಎಂಬ ಚಿಕ್ಕ ಮಂಡಲವು ಒಂದು ತಂತಿಸುರುಳಿಗೆ ಪ್ರವಾಹವನ್ನು ಕ್ಷಣಕ್ಷಣಕ್ಕೂ ಕೊಟ್ಟು ಕಡಿಯುತ್ತ, ಇಳಿಯುತ್ತಿರುವ ವೋಲ್ಟೇಜನ್ನು ಎತ್ತಿ ಸ್ಥಿರವಾದ ಮಟ್ಟಕ್ಕೆ ತಂದುಕೊಡುತ್ತದೆ, 2.7 ವೋಲ್ಟಿನಿಂದ 0.7 ವೋಲ್ಟಿನವರೆಗೆ ಬಳಸಿದರೆ ಒಳಗಿರುವ ಶಕ್ತಿಯ ಶೇಕಡಾ 93ರಷ್ಟನ್ನು ಹೊರತೆಗೆದಂತಾಗುತ್ತದೆ. (ಮೊದಲಲ್ಲಿ ಒಳಬರುವ ವೋಲ್ಟೇಜು ಬೇಕಾದುದಕ್ಕಿಂತ ಹೆಚ್ಚಿರುವುದರಿಂದ, ಇಳಿಸಲೂ ಏರಿಸಲೂ ಬಲ್ಲ ಬಗೆಯೇ ಇಲ್ಲಿಗೆ ಬೇಕು ಎಂಬುದನ್ನು ಮರೆಯುವಂತಿಲ್ಲ.) ಪರಿವರ್ತನೆಯಲ್ಲಿ ಐದನೆಯ ಒಂದು ಪಾಲು ನಷ್ಟವಾದರೂ ಯಂತ್ರ 37 ಗಂಟೆಯಷ್ಟು ನಡೆಯಬೇಕು. ಆದರೆ ಈ ಮಂಡಲವೂ ಸುಮ್ಮನೆ ದುಡಿಯುವುದಿಲ್ಲ. ಹಳೆಯ ಮಾದರಿಗಳು ತಾವು ಎಚ್ಚರವಾಗಿರುವುದಕ್ಕೇ ಐವತ್ತು ಮೈಕ್ರೊಆಂಪಿಯರ್‌ವರೆಗೆ ತಿನ್ನುತ್ತವೆ, ಕ್ಯಾಲ್ಕುಲೇಟರ್ ತಾನೇ ತಿನ್ನುವುದು ನೂರಮೂವತ್ತರಷ್ಟಿರುವಾಗ ಇದು ದುಬಾರಿಯೇ. ಒಂದು ಮೈಕ್ರೊಆಂಪಿಯರಿಗೂ ಕಡಿಮೆ ತಿನ್ನುವ ಹೊಸ ಚಿಪ್ಪುಗಳು ಬಂದ ಮೇಲಷ್ಟೇ ಇಂತಹ ಪ್ರಯೋಗಕ್ಕೆ ಅರ್ಥ ಬಂದಿದೆ.

ಇಲ್ಲಿಯವರೆಗಿನ ತೊಡಕುಗಳು ಮಂಡಲದ ಚಾತುರ್ಯದಿಂದ ನಿವಾರಣೆಯಾಗುವಂಥವು. ಸೋರಿಕೆ ಹಾಗಲ್ಲ. ಎರಡು ವಿದ್ಯುದಗ್ರಗಳ ನಡುವಿನ ಬೇರ್ಪಡಿಕೆ ಪರಿಪೂರ್ಣವಲ್ಲದಿರುವುದರಿಂದಲೂ, ಇಂಗಾಲದ ಮೇಲ್ಮೈಯಲ್ಲಿ ಉಳಿದ ಕಲ್ಮಶಗಳು ದ್ರವದೊಡನೆ ಸಣ್ಣ ಸಣ್ಣ ರಾಸಾಯನಿಕ ಕ್ರಿಯೆಗಳನ್ನು ನಡೆಸುವುದರಿಂದಲೂ, ಯಾವ ಉಪಕರಣವನ್ನೂ ಜೋಡಿಸದೆ ಸುಮ್ಮನೆ ಇಟ್ಟ ಸೂಪರ್ ಕೆಪ್ಯಾಸಿಟರ್ ತಾನಾಗಿಯೇ ಬರಿದಾಗುತ್ತ ಹೋಗುತ್ತದೆ. 10 ಫ್ಯಾರಡ್‌ನ ಬಿಡಿಭಾಗಕ್ಕೆ ತಯಾರಕರು ಗರಿಷ್ಠ ಮಿತಿಯೆಂದು ಮುದ್ರಿಸುವ ಸೋರಿಕೆ ಪ್ರವಾಹ 30 ಮೈಕ್ರೊಆಂಪಿಯರ್‌ನಷ್ಟಿರುತ್ತದೆ, ಅದೂ ಪೂರ್ತಿ ವೋಲ್ಟೇಜಿನಲ್ಲಿ 72 ಗಂಟೆ ಇಟ್ಟು ಅಳೆದ ಮೇಲೆ. ಮೂರು ದಿನ ಕಾಯುವುದಕ್ಕೂ ಕಾರಣವಿದೆ. ಹೊಸದಾಗಿ ಚಾರ್ಜ್ ಮಾಡಿದಾಗ ಅಯಾನುಗಳು ಇಂಗಾಲದ ಹೊರ ರಂಧ್ರಗಳನ್ನು ಮಾತ್ರ ತುಂಬಿ, ಒಳಗಿನ ಇಕ್ಕಟ್ಟಾದ ರಂಧ್ರಗಳಿಗೆ ನುಸುಳಲು ಗಂಟೆಗಳು, ದಿನಗಳು ಹಿಡಿಯುತ್ತವೆ. ಈ ಮರುಹಂಚಿಕೆ ನಡೆಯುವಾಗಲೂ ಹೊರಗಿನ ವೋಲ್ಟೇಜ್ ಇಳಿಯುವುದರಿಂದ, ಒಂದೇ ನಿಮಿಷದಲ್ಲಿ ಅವಸರದಿಂದ ತುಂಬಿದ ಕೆಪ್ಯಾಸಿಟರ್ ಮರುದಿನಕ್ಕೆ ಮೋಸಮಾಡಿದಂತೆ ತೋರುತ್ತದೆ.

ಒಳ್ಳೆಯ ಮಾದರಿಯೊಂದನ್ನು ಆರಿಸಿ, ಕಡಿಮೆ ವೋಲ್ಟೇಜಿನಲ್ಲಿ ದಿನಗಟ್ಟಲೆ ಇಟ್ಟು ಪಳಗಿಸಿ, ಸೋರಿಕೆಯನ್ನು 10 ಮೈಕ್ರೊಆಂಪಿಯರಿಗೆ ಇಳಿಸಲಾಗಿದೆ ಎಂದೇ ಇಟ್ಟುಕೊಳ್ಳಬಹುದು. ದಿನಕ್ಕೆ ಒಂದು ಗಂಟೆ ಲೆಕ್ಕ ಮಾಡುವವರ ಯಂತ್ರ ಆ ಒಂದು ಗಂಟೆಯಲ್ಲಿ ಬಳಸುವುದು ಸುಮಾರು 130 ಮೈಕ್ರೊಆಂಪಿಯರ್-ಗಂಟೆ. ಸೋರಿಕೆ ಚಿಕ್ಕದಾದರೂ ಇಪ್ಪತ್ತನಾಲ್ಕು ಗಂಟೆಯೂ ಬಿಡುವಿಲ್ಲದೆ ನಡೆಯುವುದರಿಂದ ಅದರ ದಿನದ ಬಾಬ್ತು 240 ಮೈಕ್ರೊಆಂಪಿಯರ್-ಗಂಟೆ. ಲೆಕ್ಕಕ್ಕೆ ಖರ್ಚಾದುದಕ್ಕಿಂತ ಏನನ್ನೂ ಮಾಡದೆ ಕಳೆದುಹೋದದ್ದೇ ಹೆಚ್ಚು. ಕನ್ವರ್ಟರ್ ಇಲ್ಲದೆ 1.6ರಿಂದ 1.1 ವೋಲ್ಟಿಗೆ ಇಳಿಯುವ ನಡುವೆ ಸಿಗುವ ಒಟ್ಟು ಸಂಗ್ರಹ 1,400 ಮೈಕ್ರೊಆಂಪಿಯರ್-ಗಂಟೆಯಷ್ಟೇ. ಸೋರಿಕೆಯೇ ಇಲ್ಲದಿದ್ದರೆ ಹತ್ತು ದಿನ ನಡೆಯಬೇಕಿದ್ದ ಯಂತ್ರ ನಾಲ್ಕನೆಯ ದಿನಕ್ಕೆ ಮಂಕಾಗುತ್ತದೆ. ಹೋಲಿಕೆಗೆ ಆಲ್ಕಲೈನ್ ಸೆಲ್ಲು ತಾನಾಗಿ ಕಳೆದುಕೊಳ್ಳುವುದು ವರ್ಷಕ್ಕೆ ಶೇಕಡಾ ಎರಡು ಮೂರು ಮಾತ್ರ. ಕ್ಯಾಲ್ಕುಲೇಟರಿನ ಮಿತವ್ಯಯವೇ ಸೂಪರ್ ಕೆಪ್ಯಾಸಿಟರಿಗೆ ಬಾಗಿಲು ತೆರೆದದ್ದು ನಿಜ; ಅದೇ ಮಿತವ್ಯಯ ಕೆಪ್ಯಾಸಿಟರಿನ ದುಂದುಗಾರಿಕೆಯನ್ನು ಎದ್ದುಕಾಣುವಂತೆ ಮಾಡಿರುವುದೂ ಅಷ್ಟೇ ನಿಜ. ಇಲ್ಲಿ ಫ್ಯಾರಡ್‌ಗಳನ್ನು ಹೆಚ್ಚಿಸಿ ಗೆಲ್ಲುವ ಆಸೆಯೂ ಹೆಚ್ಚು ಫಲಿಸುವುದಿಲ್ಲ, ಇಂಗಾಲದ ಮೇಲ್ಮೈ ದೊಡ್ಡದಾದಂತೆ ಸೋರಿಕೆಯೂ ಅದರೊಡನೆ ಬೆಳೆಯುತ್ತದೆ.

ಚಾರ್ಜ್ ಮಾಡುವ ಕೆಲಸ ಮಾತ್ರ ಹೇಳಿದಷ್ಟೇ ಸುಲಭ. ಫೋನಿನ ಯುಎಸ್‌ಬಿ ಚಾರ್ಜರಿನಿಂದ ಅರ್ಧ ಆಂಪಿಯರ್ ನಿಯಂತ್ರಿತ ಪ್ರವಾಹ ಕೊಟ್ಟರೆ 10 ಫ್ಯಾರಡ್ 54 ಸೆಕೆಂಡುಗಳಲ್ಲಿ 2.7 ವೋಲ್ಟಿಗೆ ಏರುತ್ತದೆ. ಪೂರ್ತಿ ಬರಿದಾದ ಕೆಪ್ಯಾಸಿಟರ್ ಮೊದಲ ಕ್ಷಣದಲ್ಲಿ ಎರಡು ತಂತಿಗಳನ್ನು ನೇರವಾಗಿ ತಾಗಿಸಿದಂತೆಯೇ ವರ್ತಿಸುವುದರಿಂದ ಪ್ರವಾಹವನ್ನು ತಡೆದು ಕೊಡುವ ರೋಧಕ ಅಥವಾ ನಿಯಂತ್ರಕ ನಡುವೆ ಇರಲೇಬೇಕು. ರೋಧಕದ ಮೂಲಕ ತುಂಬಿದರೆ, ಕೆಪ್ಯಾಸಿಟರ್ ಸೇರುವಷ್ಟೇ ಶಕ್ತಿ ರೋಧಕದಲ್ಲಿ ಬಿಸಿಯಾಗಿ ಹೋಗುತ್ತದೆ. ರೋಧಕ ಸಣ್ಣದಿರಲಿ ದೊಡ್ಡದಿರಲಿ ಈ ಅರ್ಧಪಾಲಿನ ನಷ್ಟ ತಪ್ಪದು ಎಂಬುದು ಭೌತವಿಜ್ಞಾನದ ತರಗತಿಯಲ್ಲಿ ಪ್ರತಿವರ್ಷ ವಿದ್ಯಾರ್ಥಿಗಳನ್ನು ಅಚ್ಚರಿಗೊಳಿಸುವ ಸಂಗತಿ. ಮೂವತ್ತಾರು ಜೂಲ್‌ಗಳ ಮಾತಿನಲ್ಲಿ ಅದಕ್ಕೆ ಯಾರೂ ಮರುಗಬೇಕಾಗಿಲ್ಲ. ಮೂರು ವೋಲ್ಟ್ ಬೇಡುವ ಯಂತ್ರಗಳಿಗೆ ಎರಡು ಕೆಪ್ಯಾಸಿಟರುಗಳನ್ನು ಸಾಲಾಗಿ ಜೋಡಿಸಬೇಕಾಗುತ್ತದೆ, ಆಗ ಒಟ್ಟು ಫ್ಯಾರಡ್ ಪ್ರಮಾಣ ಅರ್ಧಕ್ಕೆ ಇಳಿಯುವುದಲ್ಲದೆ, ಎರಡರಲ್ಲಿ ಒಂದರ ವೋಲ್ಟೇಜ್ ಇನ್ನೊಂದಕ್ಕಿಂತ ಮೇಲೇರದಂತೆ ಸಮತೋಲನದ ರೋಧಕಗಳೂ ಬೇಕಾಗಿ, ಅವುಗಳ ಮೂಲಕವೂ ಪ್ರವಾಹ ಹಗಲಿರುಳು ಕಳೆಯುತ್ತದೆ. ಒಂದು ಬದಿ ಇಂಗಾಲ, ಇನ್ನೊಂದು ಬದಿ ಲಿಥಿಯಂ ತುಂಬಿದ ಇಂಗಾಲವಿರುವ ಲಿಥಿಯಂ-ಅಯಾನು ಕೆಪ್ಯಾಸಿಟರ್ ಎಂಬ ಮಿಶ್ರತಳಿ ಈ ತರಹದ ಯಂತ್ರಗಳಿಗೆ ಹೆಚ್ಚು ಒಪ್ಪುತ್ತದೆ, ಅದು 3.8ರಿಂದ 2.2 ವೋಲ್ಟಿನ ನಡುವೆ ಕೆಲಸ ಮಾಡುತ್ತದೆ, ಅದರ ಸೋರಿಕೆ ತೀರ ಕಡಿಮೆ. ಆದರೆ 2.2ಕ್ಕಿಂತ ಕೆಳಗೆ ಬಿಟ್ಟರೆ ಅದು ಕೆಡುತ್ತದೆ ಎಂಬ ಷರತ್ತಿನೊಡನೆ, ಪೂರ್ತಿ ಬರಿದಾದರೂ ಚಿಂತೆಯಿಲ್ಲವೆಂಬ ಕೆಪ್ಯಾಸಿಟರಿನ ಮೂಲ ಗುಣವೇ ಕೈಬಿಟ್ಟುಹೋಗುತ್ತದೆ.

ದಿನವೂ ಸೋರುವುದನ್ನು ದಿನವೂ ತುಂಬುವ ಮೂಲವೊಂದು ಹತ್ತಿರದಲ್ಲೇ ಇದ್ದರೆ ಸೋರಿಕೆಯ ದೂರು ತಾನಾಗಿ ಮಂದವಾಗುತ್ತದೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿರುವ ಕ್ಯಾಲ್ಕುಲೇಟರಿನ ನೆತ್ತಿಯಲ್ಲಿ ಕಾಣುವ ಕಂದುಬಣ್ಣದ ಸೌರಪಟ್ಟಿ ಅಂತಹ ಮೂಲ. ಶಾರ್ಪ್ ಸಂಸ್ಥೆ 1976ರಲ್ಲಿ ಇಎಲ್-8026 ಎಂಬ ಸೌರ ಕ್ಯಾಲ್ಕುಲೇಟರನ್ನು ತಂದಿತ್ತಾದರೂ, ಈ ಪಟ್ಟಿ ಅಗ್ಗವಾಗಿ ಮನೆಮನೆಗೆ ಬಂದದ್ದು 1980ರಲ್ಲಿ ಜಪಾನಿನ ಸಾನ್ಯೊ ಸಂಸ್ಥೆ ಅಸ್ಫಟಿಕ ಸಿಲಿಕಾನಿನ ಕೋಶಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ. ಪರಮಾಣುಗಳ ಕ್ರಮಬದ್ಧ ಜೋಡಣೆಯಿಲ್ಲದ ಈ ಸಿಲಿಕಾನ್ ಪದರ ಬಿಸಿಲಿನಲ್ಲಿ ಅಷ್ಟೇನೂ ದಕ್ಷವಲ್ಲ, ಟ್ಯೂಬ್‌ಲೈಟಿನ ಬೆಳಕಿಗೆ ಮಾತ್ರ ಚೆನ್ನಾಗಿ ಒಗ್ಗುತ್ತದೆ. ಕೋಣೆಯ ಸಾಧಾರಣ ಬೆಳಕಿನಲ್ಲಿ, ಅಂದರೆ 200 ಲಕ್ಸ್‌ನಷ್ಟು ಪ್ರಖರತೆಯಲ್ಲಿ, ಅಂತಹ ಪಟ್ಟಿ ಒಂದೂವರೆ ವೋಲ್ಟಿನಲ್ಲಿ ಹತ್ತು ಮೈಕ್ರೊಆಂಪಿಯರ್‌ನ ಆಸುಪಾಸಿನ ಪ್ರವಾಹ ಕೊಡುತ್ತದೆ. ಸೌರ ಮಾದರಿಗಳ ಚಿಪ್ಪುಗಳು ಅಷ್ಟರೊಳಗೇ ಬಾಳುವೆ ಮಾಡುವಂತೆ ರೂಪಿತವಾಗಿವೆ. (ಅಗ್ಗದ ನಕಲು ಮಾಲುಗಳಲ್ಲಿ ಈ ಪಟ್ಟಿ ಬರೀ ಬಣ್ಣದ ಪ್ಲಾಸ್ಟಿಕ್ ತುಂಡಾಗಿದ್ದು ಕೆಲಸವನ್ನೆಲ್ಲ ಒಳಗಿನ ಗುಂಡಿಸೆಲ್ಲು ಮಾಡುವುದೂ ಉಂಟು.)

ಇಂತಹ ಸೌರಪಟ್ಟಿಯ ಜೊತೆಗೆ ಸೂಪರ್ ಕೆಪ್ಯಾಸಿಟರನ್ನು ಕೂಡಿಸುವಾಗ, ದೊಡ್ಡದಾದಷ್ಟೂ ಒಳ್ಳೆಯದೆಂಬ ಊಹೆ ತಲೆಕೆಳಗಾಗುತ್ತದೆ. 10 ಫ್ಯಾರಡ್‌ನ ಬರಿದಾದ ಕೆಪ್ಯಾಸಿಟರನ್ನು ಹತ್ತು ಮೈಕ್ರೊಆಂಪಿಯರಿನಿಂದ ಒಂದೂವರೆ ವೋಲ್ಟಿಗೆ ತುಂಬಲು ಹದಿನೇಳು ದಿನ, ರಾತ್ರಿಯೂ ದೀಪ ಉರಿಯುತ್ತಿದ್ದು ಸೋರಿಕೆ ಲವಲೇಶವೂ ಇಲ್ಲದಿದ್ದರೆ, ಬೇಕಾಗುತ್ತದೆ. ಸೋರಿಕೆಯೂ ಹತ್ತು ಮೈಕ್ರೊಆಂಪಿಯರ್ ಇದ್ದರೆ ಎಂದಿಗೂ ತುಂಬುವುದಿಲ್ಲ. ತುಂಬುವವರೆಗಿನ ಅಷ್ಟೂ ದಿನ ಅದು ಬೆಳಕಿನಿಂದ ಬಂದುದನ್ನೆಲ್ಲ ತಾನೇ ನುಂಗಿ, ಕ್ಯಾಲ್ಕುಲೇಟರನ್ನು ಏಳಗೊಡುವುದಿಲ್ಲ. ಹತ್ತನೆಯ ಒಂದು ಫ್ಯಾರಡ್‌ನ ಚಿಕ್ಕದು ನಾಲ್ಕು ಗಂಟೆಯಲ್ಲಿ ಸಿದ್ಧವಾಗಿ, ಬೆಳಕು ಹೋದ ಮೇಲೆ ಅಂತಹ ಮಿತಾಹಾರಿ ಯಂತ್ರವನ್ನು ಒಂದು ಗಂಟೆಗೂ ಮಿಕ್ಕಿ ನಡೆಸುತ್ತದೆ. ಕತ್ತಲಾದಾಗ ಸಂಗ್ರಹವಾದುದು ಸೌರಪಟ್ಟಿಯ ಮೂಲಕವೇ ಹಿಂದಕ್ಕೆ ಹರಿದುಹೋಗದಂತೆ ಏಕಮುಖ ಕವಾಟವಾಗಿ ಒಂದು ಡಯೋಡ್ ಬೇಕು. ಅದು ತನ್ನ ಸುಂಕವೆಂಬಂತೆ ಕಾಲು ವೋಲ್ಟಿನಷ್ಟನ್ನು ಇಟ್ಟುಕೊಳ್ಳುತ್ತದೆ, ಒಂದೂವರೆ ವೋಲ್ಟಿನ ಲೆಕ್ಕದಲ್ಲಿ ಇದು ಚಿಕ್ಕ ಮೊತ್ತವಲ್ಲ. ಇನ್ನು ನೆರಳಿನಿಂದ ಕಿಟಕಿಯ ಬಿಸಿಲಿಗೆ ಬಂದಾಗ ಬೆಳಕು ನೂರಾರು ಪಟ್ಟು ಹೆಚ್ಚಿ ವೋಲ್ಟೇಜ್ ಮಿತಿಮೀರುವ ಅಪಾಯವಿರುತ್ತದೆ. ಅನೇಕ ಸೌರ ಕ್ಯಾಲ್ಕುಲೇಟರುಗಳನ್ನು ಬಿಚ್ಚಿದರೆ ಒಳಗೆ ಹೊರಗಿನಿಂದ ಕಾಣುವ ಅವಕಾಶವೇ ಇಲ್ಲದ ಒಂದು ಕೆಂಪು ಎಲ್‌ಇಡಿ ಸಿಗುವುದು ಇದಕ್ಕಾಗಿ. ಸುಮಾರು 1.6 ವೋಲ್ಟಿನ ಮೇಲೆ ಅದು ಪ್ರವಾಹವನ್ನು ತನ್ನ ಕಡೆಗೆ ಸೆಳೆದುಕೊಂಡು ಹೆಚ್ಚುವರಿಯನ್ನು ಬೆಳಕು, ಬಿಸಿಯಾಗಿ ಕಳೆಯುತ್ತದೆ. 1972ರಲ್ಲಿ ಕ್ಯಾಲ್ಕುಲೇಟರಿನ ವಿದ್ಯುತ್ತನ್ನೆಲ್ಲ ತಿಂದುಹಾಕುತ್ತಿದ್ದ ಬಿಡಿಭಾಗವೇ ಈಗ ಅದರ ಕಾವಲಿಗೆ ನಿಂತಿರುವುದು ಎಂಜಿನಿಯರಿಂಗ್ ಇತಿಹಾಸದ ಒಂದು ಸಣ್ಣ ವಿನೋದ.

ಸೂಪರ್ ಕೆಪ್ಯಾಸಿಟರ್ ಚಿರಂಜೀವಿ ಎಂಬ ನಂಬಿಕೆಯನ್ನೂ ಸ್ವಲ್ಪ ತೂಗಿ ನೋಡಬೇಕು. ಐದು ಲಕ್ಷ, ಹತ್ತು ಲಕ್ಷ ಬಾರಿ ತುಂಬಿ ಬರಿದುಮಾಡಬಹುದೆಂಬ ಮಾತು ಸುಳ್ಳಲ್ಲ. ಆದರೆ ಕ್ಯಾಲ್ಕುಲೇಟರಿನಲ್ಲಿ ಅದು ತನ್ನ ಜೀವಿತದಲ್ಲಿ ಕೆಲವು ಸಾವಿರ ಬಾರಿಯೂ ತುಂಬಿ ಬರಿದಾಗುವುದಿಲ್ಲವಾದ್ದರಿಂದ ಅಲ್ಲಿ ಎಣಿಕೆಗೆ ಬರುವುದು ಆವರ್ತನವಲ್ಲ, ವಯಸ್ಸು. ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ಹತ್ತು ವರ್ಷದಷ್ಟು ಬಾಳುವ ಅದರ ಆಯುಷ್ಯ, ಉಷ್ಣತೆ ಹತ್ತು ಡಿಗ್ರಿ ಏರಿದಾಗಲೆಲ್ಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಉದ್ಯಮದ ಸ್ಥೂಲ ನಿಯಮ; ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮೇಜಿನ ಮೇಲೆ ಬಿದ್ದಿರುವ ಯಂತ್ರಕ್ಕೆ ಇದು ಅನ್ವಯಿಸದೆ ಇರದು. ಒಸರುವ ದೋಷ ಬ್ಯಾಟರಿಗೆ ಮಾತ್ರ ಮೀಸಲಲ್ಲ. 2001ರಲ್ಲಿ ಬಂದ ಮೈಕ್ರೊಸಾಫ್ಟ್‌ನ ಮೊದಲ ಎಕ್ಸ್‌ಬಾಕ್ಸ್ ಆಟದ ಯಂತ್ರದಲ್ಲಿ ಗಡಿಯಾರವನ್ನು ನಡೆಸಲು ಇರಿಸಿದ್ದ ಸೂಪರ್ ಕೆಪ್ಯಾಸಿಟರುಗಳು ಕಾಲಾಂತರದಲ್ಲಿ ಒಸರಿ ಮದರ್‌ಬೋರ್ಡಿನ ತಾಮ್ರದ ಗೆರೆಗಳನ್ನು ತಿಂದದ್ದು, ಹಳೆಯ ಯಂತ್ರಗಳನ್ನು ಸಂಗ್ರಹಿಸುವವರಿಗೆ ಚೆನ್ನಾಗಿ ಗೊತ್ತು. ಜಪಾನಿನ ಸೈಕೊ ಸಂಸ್ಥೆ 1980ರ ದಶಕದ ಕೊನೆಯಲ್ಲಿ ತೋಳಿನ ಚಲನೆಯಿಂದಲೇ ವಿದ್ಯುತ್ತು ಉತ್ಪಾದಿಸಿಕೊಳ್ಳುವ ಕೈಗಡಿಯಾರಗಳನ್ನು ತಂದಾಗ ಅದನ್ನು ಕೂಡಿಡಲು ಕೆಪ್ಯಾಸಿಟರನ್ನೇ ಆರಿಸಿತ್ತು. ಕೆಲವು ವರ್ಷಗಳಲ್ಲಿ ಅವು ಶಕ್ತಿಗುಂದಿ, ರಾತ್ರಿ ತೆಗೆದಿಟ್ಟ ಗಡಿಯಾರ ಬೆಳಗಾಗುವುದರೊಳಗೆ ನಿಲ್ಲುವಂತಾದ ಮೇಲೆ, ಅದೇ ಜಾಗದಲ್ಲಿ ಕೂರುವ ಮರುಚಾರ್ಜಿನ ಲಿಥಿಯಂ ಸೆಲ್ಲುಗಳಿಗೆ ಸಂಸ್ಥೆ ಬದಲಾಯಿಸಿಕೊಂಡಿತು. ಕ್ಯಾಲ್ಕುಲೇಟರಿನಷ್ಟೇ ಮಿತಾಹಾರಿಯಾದ, ಅದಕ್ಕಿಂತ ಹೆಚ್ಚು ನಿಯತವಾಗಿ ಚಾರ್ಜ್ ಆಗುವ ಉಪಕರಣದಲ್ಲಿಯೇ ಕೆಪ್ಯಾಸಿಟರಿನ ಗತಿ ಹೀಗಾಯಿತೆಂಬುದನ್ನು ಪ್ರಯೋಗಕ್ಕೆ ಕೈಹಾಕುವವರು ಗಮನಿಸುವುದು ಒಳ್ಳೆಯದು.

ಸೂಪರ್ ಕೆಪ್ಯಾಸಿಟರಿನ ಕಥೆ ಅಲ್ಲಿಗೆ ನಿಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇನ್‌ಸ್ಟ್ರುಮೆಂಟೇಷನ್ ಮತ್ತು ಅನ್ವಯಿಕ ಭೌತವಿಜ್ಞಾನ ವಿಭಾಗದ ಸಂಶೋಧಕರು 2023ರಲ್ಲಿ, ಲೋಹದ ವಿದ್ಯುದಗ್ರಗಳ ಬದಲಿಗೆ ಕ್ಷೇತ್ರಪರಿಣಾಮ ಟ್ರಾನ್ಸಿಸ್ಟರುಗಳನ್ನೇ ಆವೇಶ ಸಂಗ್ರಾಹಕಗಳನ್ನಾಗಿಸಿ, ಗ್ರಾಫೀನ್ ಮತ್ತು ಮಾಲಿಬ್ಡಿನಂ ಡೈಸಲ್ಫೈಡಿನ ಪದರಗಳನ್ನು ಒಂದರ ಮೇಲೊಂದು ಇಟ್ಟು, ಚಿಪ್ಪಿನೊಳಗೇ ಅಡಗುವಷ್ಟು ಸೂಕ್ಷ್ಮವಾದ ಸೂಪರ್ ಕೆಪ್ಯಾಸಿಟರನ್ನು ರೂಪಿಸಿದರು. ಮುಂದೊಂದು ದಿನ ಲೆಕ್ಕ ಮಾಡುವ ಚಿಪ್ಪು ಮತ್ತು ಅದನ್ನು ನಡೆಸುವ ಸಂಗ್ರಹ ಒಂದೇ ಸಿಲಿಕಾನ್ ತುಂಡಿನ ಮೇಲಿರಬಹುದೆಂಬ ಸಾಧ್ಯತೆಯನ್ನು ಇದು ತೋರಿಸುತ್ತದೆ.

ಸದ್ಯಕ್ಕೆ ಯಾರು ಯಾವುದನ್ನು ಆರಿಸಬೇಕೆಂಬುದು ಬಳಕೆಯ ರೀತಿಯನ್ನು ಅವಲಂಬಿಸುತ್ತದೆ. ಮೇಜಿನ ಮೇಲೆ ಬೆಳಕಿನಲ್ಲೇ ಇದ್ದು ದಿನವೂ ಬಳಕೆಯಾಗುವ ಯಂತ್ರಕ್ಕೆ ಸೌರಪಟ್ಟಿ ಮತ್ತು ಅರ್ಧ ಫ್ಯಾರಡಿಗೂ ಕಡಿಮೆಯ ಕೆಪ್ಯಾಸಿಟರ್ ಸೊಗಸಾಗಿ ಹೊಂದುತ್ತದೆ. ವಾರಕ್ಕೆರಡು ಬಾರಿ ಯುಎಸ್‌ಬಿ ತಂತಿ ಚುಚ್ಚಲು ಬೇಸರಪಡದವರಿಗೆ 10 ಫ್ಯಾರಡ್ ಮತ್ತು ಒಂದು ಒಳ್ಳೆಯ ಕನ್ವರ್ಟರ್ ಸಾಕು. ತಿಂಗಳುಗಟ್ಟಲೆ ಕಪಾಟಿನ ಕತ್ತಲಲ್ಲಿದ್ದು ಪರೀಕ್ಷೆಯ ದಿನ ಥಟ್ಟನೆ ಎಚ್ಚರಾಗಬೇಕಾದ ಯಂತ್ರಕ್ಕೆ ಇವೆರಡೂ ಸಲ್ಲವು. ಅಲ್ಲಿ ಒಸರುವ ಸ್ವಭಾವ ಕಡಿಮೆಯಿರುವ ಲಿಥಿಯಂ ಸೆಲ್ಲಿಗೆ ಸಾಟಿಯಿಲ್ಲ. ವೇಗದ ಪ್ರೊಸೆಸರ್ ಹೊತ್ತು ಹತ್ತಾರು ಮಿಲಿಆಂಪಿಯರ್ ಬೇಡುವ ಗ್ರಾಫಿಂಗ್ ಕ್ಯಾಲ್ಕುಲೇಟರುಗಳ ಮಾತಂತೂ ಬೇರೆ: ಅವು 10 ಫ್ಯಾರಡನ್ನು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತವೆ. ಆದರೆ ಎಚ್‌ಪಿ-41, ಎಚ್‌ಪಿ-48ರಂತಹ ಹಳೆಯ ಪ್ರೋಗ್ರಾಮಬಲ್ ಮಾದರಿಗಳೊಳಗೂ ಒಂದು ಕೆಪ್ಯಾಸಿಟರ್ ಮೊದಲಿನಿಂದ ಇದೆ, ಬ್ಯಾಟರಿ ಬದಲಿಸುವ ಒಂದೆರಡು ನಿಮಿಷ ಬಳಕೆದಾರರು ಬರೆದಿಟ್ಟ ಪ್ರೋಗ್ರಾಮುಗಳು ಅಳಿಯದಂತೆ ಸ್ಮೃತಿಯನ್ನು ಹಿಡಿದಿಡುವುದು ಅದರ ಕೆಲಸ. ಹೊಸ ಸೆಲ್ಲುಗಳನ್ನು ಕೈಯಲ್ಲಿ ಸಿದ್ಧವಾಗಿಟ್ಟುಕೊಂಡೇ ಹಳೆಯದನ್ನು ತೆಗೆಯಿರಿ ಎಂದು ಅವುಗಳ ಕೈಪಿಡಿಗಳು ಒತ್ತಿ ಹೇಳುವುದು ಈ ಗಡುವಿನ ಕಾರಣಕ್ಕೆ.